ಮಕ್ಬೂಲ್ ಎಡಕ್ಕೆ ಹೋದ ದಿನ

ಗೆಳೆಯರೇ, ಮಸ್ಕತ್ತಿನ ರಸ್ತೆ ಬದಿಯಲ್ಲಿ ಪೊಲೀಸರ ಎದುರು ನಿಂತು ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಗಾಡಿಗಳೆಲ್ಲ ರಸ್ತೆಯ ಬಲಕ್ಕೆ ಓಡುತ್ತವೆ. ಬಾಡಿಗೆ ಕಾರನ್ನು ಬೆಳಿಗ್ಗೆ ಮೊದಲು ಹಿಡಿದವನು ನಾನು. ಇಂಡಿಕೇಟರ್ ಹಾಕಲು ಹೋಗಿ ರಣಬಿಸಿಲಲ್ಲಿ ವೈಪರ್ ಆಡಿಸಿದೆ, ಮೊದಲ ತಿರುವಿನಲ್ಲೇ ಬೆವೆತು ಇಳಿದೆ.

ಸ್ಟೇರಿಂಗು ಇಳಕಲ್ಲಿನ ಗೆಳೆಯ ಮಕ್ಬೂಲನ ಕೈಗೆ ಹೋಯಿತು. ಊರಲ್ಲಿ ಯೂ-ಟರ್ನ್ ದೂರವೆಂದು ಹುನಗುಂದದ ಹೆದ್ದಾರಿಯಲ್ಲಿ ದಿನವೂ ರಾಂಗ್ ಸೈಡಿನಲ್ಲೇ ನುಗ್ಗುವ ಆಸಾಮಿ. ಇಲ್ಲಿ ಮಾತ್ರ ಹುಟ್ಟಾ ಮಸ್ಕತ್ತಿನವನಂತೆ ಓಡಿಸಿದ.

“ಊರಾಗ ನನ್ನ ಬೈತಿದ್ದೆಲ್ಲಲೇ? ಇಲ್ಲಿ ನೋಡು, ಇಡೀ ದೇಶನ ನನ್ನಂಗ ಹೊಂಟೈತಿ!”

ಈ ಭಾಷಣದ ನಡುವೆ ನಮ್ಮ ಹೋಟೆಲ್ಲಿನ ಗೇಟು ಹಿಂದೆ ಉಳಿಯಿತು. ಯೂ-ಟರ್ನ್ ಬಹಳ ಮುಂದಿತ್ತು.

“ಅಲ್ಲೀತನಕ ಯಾರ್ ಹೋಗ್ತಾರ?” ಎಂದವನೇ ಕಾರು ಹೊರಳಿಸಿ, ಬಂದ ದಾರಿಯಲ್ಲೇ ವಾಪಸ್ ಹೊರಟ. ರಸ್ತೆಯ ಅಂಚು ಈಗ ನಮ್ಮ ಎಡಕ್ಕಿತ್ತು. ಎದುರಿಗೆ ಬಂದ ಲಾರಿ ಕೂದಲೆಳೆಯಲ್ಲಿ ತಪ್ಪಿತು. ಅದರ ಹಿಂದಿದ್ದ ಪೊಲೀಸ್ ಗಾಡಿ ತಪ್ಪಲಿಲ್ಲ.

ಲೈಸೆನ್ಸ್ ಈಗ ಅವರ ಕೈಯಲ್ಲಿದೆ. ಮಕ್ಬೂಲನಿಗೆ ಅದರ ಚಿಂತೆಯಿಲ್ಲ, ಬೇರೆಯೇ ಸಂಕಟ:

“ಹುಟ್ಟಿದಾಗಿಂದ ಇವತ್ತೊಂದಿನ ಎಡಕ್ಕ ಹೊಡದೀನಿ, ಅದಕ್ಕೂ ಹಿಡದ್ರಲ್ಲೋ!”