ಎರಡನೇ ದೋಸೆ

ನಮ್ಮ ಇಂಗ್ಲಿಷ್ ಮಾಷ್ಟ್ರ ಗಂಟಲಗಂಟು ಇಡೀ ಮಂಗಳೂರಿಗೇ ದೊಡ್ಡದು. ಅಂಬಟೆಕಾಯಿ ನುಂಗಲು ಹೊರಟು ಅರ್ಧದಲ್ಲಿ ಮರೆತವರ ಹಾಗೆ ಕಾಣುತ್ತಿದ್ದರು. ಪಾಠ ಮಾಡುವಾಗ ಅದು ಲಿಫ್ಟಿನ ಹಾಗೆ ಮೇಲೆ ಕೆಳಗೆ ಓಡಾಡುತ್ತಿತ್ತು. ನಿಜವಾದ ಲಿಫ್ಟನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲವಾದ್ದರಿಂದ ಮುಂದಿನ ಬೆಂಚಿಗೆ ದಿನವೂ ನೂಕುನುಗ್ಗಲು. ಗ್ರೀಕ್ ದುರಂತ ನಾಟಕದ ರಾಜನಿಗೆ ಸತ್ಯ ತಿಳಿಯುವ ಗಳಿಗೆ ಬಂತೆಂದರೆ ಗಂಟು ಮೇಲೇರಿ ಗದ್ದದ ಕೆಳಗೆ ನಿಂತುಬಿಡುತ್ತಿತ್ತು. ಅದು ಇಳಿಯುವ ತನಕ ನಾವೂ ಉಸಿರು ಬಿಡುತ್ತಿರಲಿಲ್ಲ.

ಅವರಿಗೆ ಲೋಕದಲ್ಲಿ ಇದ್ದದ್ದು ಒಂದೇ ಪ್ರಶ್ನೆ: "ವಿಧಿಯಾ, ನೀನಾ?" ತಡವಾಗಿ ಬಂದವನಿಗೂ ಅದೇ, ಫೇಲಾದವನಿಗೂ ಅದೇ, ಸೈಕಲ್ಲಿನಿಂದ ಬಿದ್ದು ಹಲ್ಲು ಕೈಯಲ್ಲಿ ಹಿಡಿದು ಬಂದವನಿಗೂ ಅದೇ.

ನಾನೊಮ್ಮೆ "ಬಸ್ಸು ಪಂಚರ್ ಸರ್, ವಿಧಿ" ಎಂದೆ.

"ಪಂಚರ್ ವಿಧಿ. ಇಳಿದು ಗೋಳಿಬಜೆ ತಿಂದದ್ದು ಯಾರು? ಮೀಸೆಯಲ್ಲಿ ಚಟ್ನಿ ಉಂಟು ಮಾರಾಯ!"

ನನಗೆ ಆಗ ಮೀಸೆಯೇ ಇರಲಿಲ್ಲ. ಅವರು ಹೇಳಿದ ಮರ್ಯಾದೆಗೆ ಆಮೇಲೆ ಬಂದದ್ದಿರಬೇಕು.

ತಮ್ಮನ್ನೂ ಅವರು ಬಿಡುತ್ತಿರಲಿಲ್ಲ. ಬೋಳಾರದ ಮನೆಯಿಂದ ಬಲ್ಮಠದ ಕಾಲೇಜಿಗೆ ಏದುಸಿರು ಬಿಡುತ್ತ ಬಂದು, "ಬಸ್ಸು ತಪ್ಪಿತು. ವಿಧಿ ಅಲ್ಲ, ಎರಡನೇ ದೋಸೆ" ಎಂದು ಇಡೀ ತರಗತಿಯ ಮುಂದೆ ಒಪ್ಪಿಕೊಂಡ ಮೇಲೆಯೇ ಹಾಜರಿ ಕರೆಯುತ್ತಿದ್ದರು.

ಇನ್ನು ನನ್ನ ವಿಧಿ. ಅದಕ್ಕೆ ಟೆರಿಲಿನ್ ಶರ್ಟೂ ಅದರೊಳಗೆ ಒಂದು ಹೊಟ್ಟೆಯೂ ಇತ್ತು. ಅದು ನನ್ನ ಸೋದರಮಾವ, ಬೊಂಬಾಯಿಯಲ್ಲಿ ಹೋಟೆಲಿನ ಯಜಮಾನರು. ನಮ್ಮ ಮನೆಯಲ್ಲಿ ಮಾವನ ಮಾತಿಗೆ ಎರಡನೇ ಮಾತಿಲ್ಲ. ತೊಟ್ಟಿಲಲ್ಲಿ ನಾನು ಮುಷ್ಟಿ ಬಿಗಿಹಿಡಿದದ್ದನ್ನು ನೋಡಿ, "ಇವ ಕೌಂಟರಿಗೆ ಆಗ್ತಾನೆ" ಎಂದಿದ್ದರಂತೆ. ಪಿಯುಸಿ ಮುಗಿದ ಕೂಡಲೇ ಹೊರಡಬೇಕು. ನನಗೋ ಬಿ.ಎ. ಓದುವ ಆಸೆ. ಮನೆಯಲ್ಲಿ ಬಾಯಿ ಬಾರದೆ ಮಾಷ್ಟ್ರಿಗೆ ಹೇಳಿದೆ.

"ಮಾವನಿಗೆ ಹೇಳಿದ್ಯಾ?"

"ಇಲ್ಲ ಸರ್."

"ಹಾಗಾದ್ರೆ ಇದು ವಿಧಿಯಾ, ನೀನಾ?" ಎಂದವರೇ ನನ್ನನ್ನು ಕಾಲೇಜ್ ಡೇ ನಾಟಕದ ರಾಜನನ್ನಾಗಿ ಮಾಡಿದರು.

ಗ್ರೀಕರ ಕಥೆ, ಮಾಷ್ಟ್ರ ಕನ್ನಡ. ಭವಿಷ್ಯಗಾರ ಹೇಳಿದ ಕೇಡಿನಿಂದ ತಪ್ಪಿಸಿಕೊಳ್ಳಲು ರಾಜ ಓಡುತ್ತಾನೆ, ಓಡಿ ಓಡಿ ಅದರ ಮಡಿಲಿಗೇ ಬೀಳುತ್ತಾನೆ. ಕೊನೆಗೆ ಎರಡು ಸಾಲು ಹೇಳಿ, ತಲೆ ತಗ್ಗಿಸಿ, ರಾಜ್ಯ ಬಿಟ್ಟು ಹೋಗುತ್ತಾನೆ. ಇಷ್ಟೇ.

ಆ ದಿನ ಮುಂದಿನ ಸಾಲಿನಲ್ಲಿ ಅಮ್ಮ, ಪಕ್ಕದಲ್ಲಿ ನನ್ನನ್ನು ಕರೆದೊಯ್ಯಲು ಬಂದ ಮಾವ. ಕೊನೆಯ ಎರಡು ಸಾಲಿಗೆ ಬಾಯಿ ತೆರೆದೆ, ಕಣ್ಣು ಟೆರಿಲಿನ್ ಶರ್ಟಿನ ಮೇಲೆ ಬಿತ್ತು. ನಾನು ತಾಳಮದ್ದಳೆ ಕೇಳಿ ಬೆಳೆದವ. ಅಲ್ಲಿ ಭಾಗವತರು ಪದ್ಯ ಹಾಡಿ ಬಿಟ್ಟರೆ, ಕೂತವರು ಸ್ವಂತ ಮಾತಿನಲ್ಲಿ ಎಷ್ಟು ಹೊತ್ತು ಬೇಕಾದರೂ ವಾದ ಮಾಡಬಹುದು. ನಾಲಿಗೆ ಆ ದಾರಿ ಹಿಡಿಯಿತು.

"ಎಲವೋ ಭವಿಷ್ಯಗಾರ, ನುಡಿದದ್ದು ನೀನು. ನಡೆದ ಕಾಲು ಯಾರದ್ದು?"

ಭವಿಷ್ಯಗಾರನಾಗಿದ್ದ ಗೆಳೆಯ ದೇರೆಬೈಲಿನವ. ಅವನ ಮನೆಯ ಚಾವಡಿಯಲ್ಲೇ ತಾಳಮದ್ದಳೆ ನಡೆಯುತ್ತಿತ್ತು. ಸುಮ್ಮನಿರುತ್ತಾನಾ?

"ಆ ಕಾಲನ್ನು ನಿನಗೆ ಕೊಟ್ಟವರಾರು, ಪ್ರಭು?"

ಗ್ರೀಸ್ ದೇಶ ಅಲ್ಲಿಗೇ ಮುಳುಗಿತು. ನಾವು ವಾದ ಮಾಡಿದೆವು, ಮಾಡಿದೆವು, ಗ್ರೀಕ್ ಪ್ರಜೆಗಳಾಗಿ ನಿಂತಿದ್ದವರು ಕಾಲು ನೊಂದು ಚಕ್ಕಳಮಕ್ಕಳ ಕೂತರು, ಒಬ್ಬ ಗೊರಕೆ ಹೊಡೆದ. ಪರದೆ ಎಳೆಯಬೇಕಾದವ ಹಗ್ಗ ಬಿಟ್ಟು ಚಪ್ಪಾಳೆ ತಟ್ಟುತ್ತಿದ್ದ.

ಬದಿಯಲ್ಲಿ ನಿಂತಿದ್ದ ಮಾಷ್ಟ್ರ ಗಂಟು ಗದ್ದಕ್ಕೆ ಸಿಕ್ಕಿಹಾಕಿಕೊಂಡಿತ್ತು. ಸತ್ತೆ ಎಂದುಕೊಂಡೆ. ಅವರು ನಾಟಕದ ಹಾಳೆಗಳನ್ನು ಮಡಚಿ ಕಿಸೆಗೆ ತುರುಕಿ ಪಿಸುಗುಟ್ಟಿದರು:

"ಕಥೆ ಬದಲಿಸ್ಲಿಕ್ಕೆ ಆಗುದಿಲ್ಲ. ರಾಜ ಹೋಗ್ಲೇಬೇಕು. ಆದ್ರೆ ಮಾತು ನಿಂದು. ಹೇಗೆ ಹೋಗ್ತಿ, ನೀನೇ ಹೇಳು."

ಕಿರೀಟ ತೆಗೆದು ಭವಿಷ್ಯಗಾರನ ಕೈಗಿಟ್ಟೆ. "ಯಾರೂ ದೂಡಬೇಡಿ. ನಾನೇ ಹೋಗುತ್ತೇನೆ" ಎಂದು ತಲೆಯೆತ್ತಿ ಇಳಿದೆ. ಇಳಿದದ್ದು ಮೆಟ್ಟಿಲಿಲ್ಲದ ಕಡೆಯಿಂದ ಎಂಬುದು ಬೇರೆ ವಿಷಯ.

ನಾಟಕ ಮುಗಿದ ಮೇಲೆ ಮಾವ ಬಣ್ಣದ ಕೋಣೆಗೆ ಬಂದರು. "ಆ ಭವಿಷ್ಯಗಾರನ ಬಾಯಿ ಮುಚ್ಚಿಸಿದ್ದು ಲಾಯ್ಕಾಯ್ತು. ಕೌಂಟರಿನಲ್ಲಿ ಇಷ್ಟು ಮಾತಾಡ್ಬೇಡ, ಗಿರಾಕಿಯ ಚಾ ತಣ್ಣಗಾಗ್ತದೆ."

ಮಾಷ್ಟ್ರು ಈಗ ನನ್ನ ಪರವಾಗಿ ಮಾತಾಡುತ್ತಾರೆ ಎಂದು ಕಾದೆ. ಅವರು ಗಂಟನ್ನೂ ಅಲುಗಿಸದೆ ನನ್ನನ್ನೇ ನೋಡಿದರು. ಹೇಳಲೇಬೇಕಾಯಿತು.

"ಬರ್ತೇನೆ ಮಾವ. ಹಗಲು ಕೌಂಟರ್, ಸಂಜೆ ಕಾಲೇಜು. ನಂಗೆ ಬಿ.ಎ. ಮಾಡ್ಬೇಕು."

ಮಾವ ಮಾಷ್ಟ್ರ ಕಡೆ ತಿರುಗಿದರು. "ಇದು ನೀವು ಹೇಳಿಕೊಟ್ಟದ್ದಾ ಮಾಷ್ಟ್ರೇ?"

"ಅಲ್ಲ ಮಾರಾಯ್ರೇ. ನಾನು ಬರೆದದ್ದರಲ್ಲಿ ಈ ಸಾಲು ಇರ್ಲೇ ಇಲ್ಲ."

ಮಾವ ನನ್ನ ಒಡೆದ ಮಂಡಿ ನೋಡಿದರು, ಮುಖ ನೋಡಿದರು. "ಆಯ್ತು. ಫೇಲಾದ್ರೆ ಪಾತ್ರೆ ತೊಳೀಲಿಕ್ಕೆ" ಎಂದರು. ಅವರ ಬೆನ್ನ ಹಿಂದೆ ಮಾಷ್ಟ್ರ ಗಂಟು ಮೆಲ್ಲಗೆ ಕೆಳಗಿಳಿಯಿತು.

ಈಗ ಬಿ.ಎ. ಎರಡನೇ ವರ್ಷ. ಪಾತ್ರೆ ಇನ್ನೂ ಮುಟ್ಟಿಲ್ಲ. ಮೊನ್ನೆ ಆ ಭವಿಷ್ಯಗಾರ ಗೆಳೆಯ ಗಲ್ಫಿಗೆ ಹೊರಟವ ನಮ್ಮ ಹೋಟೆಲಿಗೆ ಬಂದು ಕೌಂಟರಿನ ಪಕ್ಕದ ಮೇಜಿಗೆ ಕೂತ. ಮಾಷ್ಟ್ರು ತೀರಿಕೊಂಡರು ಎಂದ. ಎದೆ ಸರಿಯಿಲ್ಲ, ಓಡಬೇಡಿ ಎಂದು ಡಾಕ್ಟರು ಹೇಳಿದ್ದರಂತೆ. ಬೋಳಾರದಲ್ಲಿ ಹೊರಟ ಬಸ್ಸಿನ ಹಿಂದೆ ಓಡಿದರಂತೆ.

"ವಿಧಿಯಾ, ಅವರಾ?" ಎಂದೆ.

ಗೆಳೆಯ ತಟ್ಟೆ ನೋಡುತ್ತಾ, "ಎರಡನೇ ದೋಸೆ ಮಾರಾಯ" ಎಂದ.

ಇಬ್ಬರೂ ನಕ್ಕೆವು. ನಗು ನಡುವೆಯೇ ನಿಂತಿತು. ಈಚೆಗೆ ನನ್ನ ಕೊರಳಲ್ಲೂ ಒಂದು ಗಂಟು ಎದ್ದಿದೆ, ಅವರದ್ದರಷ್ಟು ಭವ್ಯವಲ್ಲ. ಅದು ಮೇಲೇರಿ ಗದ್ದದ ಕೆಳಗೆ ನಿಂತಿತು, ಇಳಿಯಲೇ ಇಲ್ಲ. ಕೌಂಟರಿನ ಮುಂದೆ ಗಿರಾಕಿಗಳು ಸಾಲುಗಟ್ಟಿದರು. ಮಾವ ನನ್ನನ್ನು ಎಬ್ಬಿಸಿ, ಕೌಂಟರಿನ ಕುರ್ಚಿಯಲ್ಲಿ ತಾವೇ ಕೂತರು.