ಗುರುಲಿಂಗಮ್ಮನ ಕೈ, ಶಬ್ಬೀರಸಾಬರ ಡಬ್ಬಿ

ರೊಟ್ಟಿ ಬಡಿಯುವುದರಲ್ಲಿ ಗುರುಲಿಂಗಮ್ಮನನ್ನು ಮೀರಿಸುವವರು ಇಡೀ ಕೊಪ್ಪಳದಲ್ಲಿ ಇರಲಿಲ್ಲ. ಹಾಗಂತ ಎಲ್ಲರಿಗಿಂತ ಹೆಚ್ಚಾಗಿ ಹೇಳಿಕೊಂಡು ತಿರುಗುತ್ತಿದ್ದವಳೂ ಗುರುಲಿಂಗಮ್ಮನೇ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಯಲಬುರ್ಗಾದಿಂದ ಬಂದವಳು, ಬಡ ಹುಡುಗರ ಬೋರ್ಡಿಂಗಿನ ಒಲೆಯ ಮುಂದೆ ಕೂತು ಇಪ್ಪತ್ತೆರಡು ವರ್ಷವಾಗಿತ್ತು. ದಿನಕ್ಕೆ ನೂರೈವತ್ತು ರೊಟ್ಟಿ. ಪಕ್ಕದ ಒಲೆಯ ಹುಲಗಮ್ಮನೂ ಅಷ್ಟೇ ಬಡಿಯುತ್ತಿದ್ದಳು. ಆದರೆ ಅವು ದಪ್ಪ ಎಂದು ಗುರುಲಿಂಗಮ್ಮ ದಿನಾ ಮೂಗು ಮುರಿಯುತ್ತಿದ್ದಳು. ಅವಳ ಇನ್ನೊಂದು ಜಂಬವೆಂದರೆ, ತಾನು ಹುಟ್ಟಿದಾಗಿನಿಂದ ಹಗಲು ಕಣ್ಣು ಮುಚ್ಚಿದವಳೇ ಅಲ್ಲ ಎಂಬುದು. ಕೂಸಾಗಿದ್ದಾಗ ಏನು ಮಾಡುತ್ತಿದ್ದಳೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಸಾವಿರದ ಒಂಬೈನೂರ ನಲವತ್ತೊಂದರ ಶ್ರಾವಣದ ಕಡೆಯ ಸೋಮವಾರ ಬೋರ್ಡಿಂಗಿನಲ್ಲಿ ಹೋಳಿಗೆ ಊಟವಾಯಿತು. ಆ ರಾತ್ರಿ ಕೈ ಜೋಮು ಹಿಡಿದಂತಿದ್ದರೂ ಗುರುಲಿಂಗಮ್ಮ ಲೆಕ್ಕಿಸಲಿಲ್ಲ. ಮರುದಿನ ನಸುಕಿನಲ್ಲಿ ಹಿಟ್ಟಿನ ಮುಂದೆ ಕೂತರೆ ಅವಳ ಬಲಗೈ ಮಣಿಕಟ್ಟಿನಿಂದ ಕೆಳಗೆ ಜೋತುಬಿದ್ದಿತ್ತು. ಎತ್ತಲು ಹೋದರೆ ಏಳದು. ಎಣ್ಣೆ ತಿಕ್ಕಿದಳು, ಬೈದಳು, ಅತ್ತಳು. ಕೊನೆಗೆ, "ಹುಲಗವ್ವನ ಕಣ್ಣ ತಾಕೈತಿ. ನನ್ನ ರೊಟ್ಟಿ ನೋಡಿದ್ರ ಅಕಿಗೆ ಹೊಟ್ಟಿಕಿಚ್ಚು" ಎಂದು ಹುಡುಗರೆದುರೇ ಸಾರಿಬಿಟ್ಟಳು. ಹುಲಗಮ್ಮ ತುಟಿ ಪಿಟಕ್ಕೆನ್ನದೆ ಇಬ್ಬರ ಪಾಲಿನ ರೊಟ್ಟಿಯನ್ನೂ ಬಡಿಯತೊಡಗಿದಳು.

ಬೋರ್ಡಿಂಗಿನ ಆಡಳಿತ ನೋಡುವ ಕಾರಭಾರಿ ಕಳಕಪ್ಪನವರು ಅಂದೇ ಹದಿನೈದು ದಿನದ ಗಡುವು ಕೊಟ್ಟರು. "ಲಕ್ವಾ ಹೊಡದಿದ್ರ ಕುಷ್ಟಗಿಯಿಂದ ಬ್ಯಾರೆ ಅಡಗಿಯಾಕಿನ್ನ ಕರಸಬೇಕಾಗತೈತಿ, ಗುರುಲಿಂಗವ್ವ. ನೀವು ಊರಿಗೆ ಹೋಗಿ ಆರಾಮ ಇರ್ರಿ." ಊರಲ್ಲಿ ಇದ್ದದ್ದು ತಮ್ಮನ ಮನೆಯ ಒಂದು ಮೂಲೆ, ಮತ್ತು ತಮ್ಮನ ಹೆಂಡತಿ.

ಹದಿಮೂರನೆಯ ದಿನ ಗಂಗಾವತಿಯ ಶಬ್ಬೀರಸಾಬರು ಬಂದರು. ಹೈದರಾಬಾದಿನಲ್ಲಿ ವೈದ್ಯಕೀಯ ಓದುವವರಿಗೆ ಪ್ರಯೋಗಾಲಯದಲ್ಲಿ ನರ, ಸ್ನಾಯುಗಳ ಪಾಠ ಹೇಳುವ ಡಾಕ್ಟರರು. ರಜೆಯಲ್ಲಿ ಬೋರ್ಡಿಂಗಿನ ಹುಡುಗರಿಗೆ ಒಂದು ಪ್ರಯೋಗ ತೋರಿಸಲು ಒಪ್ಪಿಕೊಂಡಿದ್ದರು. ಒಂದು ಕೈಯಲ್ಲಿ ಬ್ಯಾಟರಿಯ ಡಬ್ಬಿ, ಇನ್ನೊಂದರಲ್ಲಿ ಗಡಿಗೆ, ಗಡಿಗೆಯೊಳಗೆ ಕಪ್ಪೆ. ಕಪ್ಪೆಯ ನರಕ್ಕೆ ವಿದ್ಯುತ್ತು ಮುಟ್ಟಿಸಿದರೆ ಕಾಲಿನ ಸ್ನಾಯು ಹೇಗೆ ಜಗ್ಗುತ್ತದೆಂದು ತೋರಿಸುವ ಹವಣಿಕೆ.

ಕಳಕಪ್ಪನವರು ಹೊಸ್ತಿಲಲ್ಲೇ ಅಡ್ಡ ನಿಂತರು. "ಸಾಹೇಬ್ರ, ಕೋಳಿ ತತ್ತಿ ಅನ್ನೋ ಮಾತ ಬಾಯಾಗ ಬಂದ್ರೂ ನೆಲಾ ಸಾರಸೋ ಜಾಗಾ ಇದು. ಇಲ್ಲಿ ಕಪ್ಪಿ ಕೊಯ್ತೀರೇನ್ರಿ?"

"ಹಂಗಾರ ಒಬ್ಬ ಮನಶ್ಯಾನ್ನ ಕೊಡ್ರಿ. ಕೊಯ್ಯಂಗಿಲ್ಲ" ಎಂದು ಸಾಹೇಬರು ನಕ್ಕರು.

ಕಪ್ಪೆ ಬಾವಿ ಸೇರಿ ಬದುಕಿಕೊಂಡಿತು. ಹುಡುಗರು ಒಂದೇ ಉಸಿರಿಗೆ ಗುರುಲಿಂಗಮ್ಮನ ಹೆಸರು ಹೇಳಿದರು.

"ನನ್ನ ಕೈ ನನ್ನ ಮಾತ ಕೇಳದ ಹದಿಮೂರ ದಿನ ಆತು. ನಿಮ್ಮ ಡಬ್ಬಿ ಮಾತ ಕೇಳತೈತೇನು?" ಎನ್ನುತ್ತಲೇ ಅವಳು ಕೈ ಚಾಚಿದಳು. ಡಬ್ಬಿ ಗುಂಯ್‌ಗುಟ್ಟಿತು. ತಂತಿಯ ತುದಿಗೆ ಉಪ್ಪುನೀರಲ್ಲಿ ಅದ್ದಿದ ಬಟ್ಟೆ ಸುತ್ತಿ ಸಾಹೇಬರು ಕಂಕುಳ ಹತ್ತಿರ ಒತ್ತಿದರು. ಮಣಿಕಟ್ಟು ಅಲುಗಲಿಲ್ಲ. ಗುರುಲಿಂಗಮ್ಮನ ಮುಖ ಸಪ್ಪಗಾಯಿತು. ಆಮೇಲೆ ಮೊಣಕೈಗಿಂತ ತುಸು ಮೇಲೆ, ಹೊರಮಗ್ಗುಲಿಗೆ ಒತ್ತಿದರು. ಜೋತುಬಿದ್ದ ಕೈ ಟಣ್ಣನೆ ಎದ್ದು ನಿಂತಿತು.

"ಅಯ್ಯಯ್ಯ, ನಾ ಹೇಳದ ಎದ್ದತಲ್ಲೋ ಇದು" ಎಂದು ಅವಳು ಗಾಬರಿಯಿಂದ ಆ ಕೈಯನ್ನು ಎಡಗೈಯಲ್ಲಿ ಅದುಮಿ ಹಿಡಿದಳು.

"ಗಾಬರಿ ಆಗಬ್ಯಾಡ್ರಿ ಯವ್ವಾ. ಸ್ನಾಯು ಛಲೋ ಅದಾವು. ಅವಕ್ಕ ಸುದ್ದಿ ಮುಟ್ಟಿಸೋ ನರಾನೂ ಜೀವಂತ ಐತಿ. ಸತ್ತಿದ್ರ ಇಷ್ಟ ದಿನಕ್ಕ ಇಲ್ಲಿ ಒತ್ತಿದ್ರೂ ಕೈ ಏಳತಿರಲಿಲ್ಲ. ನಡುದಾರ್ಯಾಗ, ತೋಳಿನಾಗ, ಸುದ್ದಿ ನಿಂತಬಿಟ್ಟೈತಿ. ತೋಳ ಎದರ ಮ್ಯಾಲರ ಹಾಕಿ ಮಲಗಿದ್ರೇನು? ಹಂಗಿದ್ರ ಆರೇಳು ವಾರದಾಗ ತಾನ ನೆಟ್ಟಗ ಆಗತೈತಿ. ಅಲ್ಲಂದ್ರ ಯಾಕಾತು ಅಂತ ನನಗ ಹೇಳಾಕ ಬರಂಗಿಲ್ಲ. ಹೈದರಾಬಾದಿಗೆ ಬರಬೇಕಾಗತೈತಿ."

ಗುರುಲಿಂಗಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನಿಜ ಹೇಳಿದರೆ ಇಪ್ಪತ್ತೆರಡು ವರ್ಷದ ಜಂಬ ಮಣ್ಣುಪಾಲು, ಕಣ್ಣು ತಾಕಿದ ಕತೆಯೂ ಸುಳ್ಳು. ಹೇಳದಿದ್ದರೆ ಎರಡು ದಿನದಲ್ಲಿ ಕುಷ್ಟಗಿಯವಳು ಬಂದು ತನ್ನ ಒಲೆಯ ಮುಂದೆ ಕೂರುತ್ತಾಳೆ. ಹೇಳಿದರೂ ಆರೇಳು ವಾರ ಬಡಿಯುವವರು ಯಾರು? ಹುಲಗಮ್ಮನೊಬ್ಬಳೇ. ಅವಳನ್ನು ಕೇಳುವುದಕ್ಕಾದರೂ ಎಲ್ಲಿದೆ ಬಾಯಿ?

"ಮಲಗಿದ್ದೆರಿ" ಎಂದಳು ಕೊನೆಗೆ. "ಏಳು ಹೋಳಿಗಿ ತಿಂದಿದ್ದೆ. ಉಗ್ರಾಣದಾಗ ಜ್ವಾಳದ ಪೆಟಗಿ ಅಂಚಿನ ಮ್ಯಾಲ ತೋಳ ಹಾಕಿ, ದೀಪಾ ಹಚ್ಚೋತನಕ ಕುಂತಲ್ಲೇ ಮಲಗಿಬಿಟ್ಟೆ. ಹುಲಗವ್ವಂದು ಏನೂ ತಪ್ಪಿಲ್ಲ."

ಹುಡುಗರು ಕಿಸಕ್ಕೆಂದರು. ಕಳಕಪ್ಪನವರು ಅವರನ್ನು ಗದರಿಸಿ, "ಆತು, ಅಲ್ಲೀತನಕ ರೊಟ್ಟಿ ಯಾರ ಬಡೀಬೇಕು?" ಎಂದರು.

"ನಾ ಬಡೀತೀನ್ರಿ. ಹೊಸಬರು ಬ್ಯಾಡ" ಎಂದಳು ಬಾಗಿಲಲ್ಲಿ ನಿಂತಿದ್ದ ಹುಲಗಮ್ಮ.

"ಇಷ್ಟ ಬೈಸಿಕೊಂಡೂ ಬಡೀತಿಯೇನವ್ವಾ?" ಎಂದಳು ಗುರುಲಿಂಗಮ್ಮ.

"ನೀ ಮಲಗಿದ್ದು ನನಗ ಅವತ್ತ ಗೊತ್ತಾಗಿತ್ತು. ಅಂಚಿನ ಮ್ಯಾಲಿದ್ದ ತೋಳ ಎತ್ತಿ ನಿನ್ನ ತೊಡಿಮ್ಯಾಲ ಇಟ್ಟಾಕಿ ನಾನ. ಹೇಳಿದ್ರ ನಿನ್ನ ಮಾನ ಹೋಗತಿತ್ತು, ಅದಕ್ಕ ಸುಮ್ಮನಾದೆ."

ಹದಿಮೂರು ದಿನ ಆಡಿದ ಒಂದೊಂದು ಮಾತೂ ಈಗ ಗುರುಲಿಂಗಮ್ಮನಿಗೇ ಬಂದು ಚುಚ್ಚಿತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಎಡಗೈಯಿಂದ ಹುಲಗಮ್ಮನ ಸೆರಗು ಹಿಡಿದುಕೊಂಡು, ಹುಡುಗರೆಲ್ಲ ನೋಡುತ್ತಿದ್ದಂತೆಯೇ, ಗಟ್ಟಿಯಾಗಿ ಅತ್ತುಬಿಟ್ಟಳು.