ಎಡಗೈಯಲ್ಲಿ ಟಾರ್ಚ್

ಪಿಸ್ತೂಲು ಹಿಡಿಯುವುದನ್ನು ನನಗೆ ಕಲಿಸಿದ್ದು ಶೂಟಿಂಗ್ ಕ್ಲಬ್ಬಿನ ಕೋಚ್. ಕತ್ತಲಲ್ಲಿ ಒಂದು ಕೈಯಲ್ಲಿ ಟಾರ್ಚ್ ಹಿಡಿದು ಇನ್ನೊಂದು ಕೈಯಲ್ಲಿ ಗುರಿಯಿಡುವುದನ್ನು ಕಲಿಸಿದ್ದು ಬೂನ್ ಲೇ ಬಡಾವಣೆಯಲ್ಲಿದ್ದ ಅಂಕಲ್. ಅದೇ ಆಟದ ನಡುವೆ, ಎಲ್ಲರ ಮುಂದೆ, ಅವರನ್ನು ತಡೆದು ನಿಲ್ಲಿಸಿದವಳು ನಾನು.

ಸಿಂಗಪುರದಲ್ಲಿ ಪಿಸ್ತೂಲನ್ನು ಮನೆಗೆ ತರುವ ಮಾತೇ ಇಲ್ಲ. ಅದು ಕ್ಲಬ್ಬಿನಲ್ಲೇ ಬೀಗದೊಳಗೆ ಇರುತ್ತದೆ. ನಾನು ಬುಕಿತ್ ಬಾಟೋಕ್‌ನ ಫ್ಲ್ಯಾಟಿನಲ್ಲಿ ಒಬ್ಬಳೇ ಇದ್ದೆ. ವಾರವಿಡೀ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ. ಶನಿವಾರ ಗುಂಡು ಹಾರಿಸುವ ರೇಂಜಿಗೆ ಹೋಗಿ ಕಿವಿ ಮುಚ್ಚಿಕೊಂಡರೆ ತಲೆಯೊಳಗಿನ ಗದ್ದಲ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಮೈಸೂರಿನಲ್ಲಿರುವ ಅಮ್ಮನಿಗೆ ಈ ವಿಷಯ ಇವತ್ತಿಗೂ ಹೇಳಿಲ್ಲ.

ಅಂಕಲ್ ಬಾಗಲಕೋಟೆ ಕಡೆಯವರು. ಇಲ್ಲಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾಗಿದ್ದರು. ಹಣೆಯ ಮೇಲೆ ವಿಭೂತಿ, ಅದರ ಕೆಳಗೆ ರಕ್ಷಣೆಯ ಕನ್ನಡಕ. ಗುರಿ ತಪ್ಪಿದಾಗ ಅವರು ಕನ್ನಡದಲ್ಲಿ ತಮ್ಮನ್ನು ತಾವೇ ಬೈದುಕೊಂಡದ್ದು ಕೇಳಿಸಿ ನಮ್ಮ ಪರಿಚಯವಾಯಿತು.

ಕ್ಲಬ್ಬಿನಲ್ಲಿ ಒಂದು ಸ್ಪರ್ಧೆ ಇರುತ್ತಿತ್ತು. ಒಳಾಂಗಣದ ದೀಪಗಳನ್ನೆಲ್ಲ ಆರಿಸಿ, ಪ್ಲೈವುಡ್ ಹಲಗೆಗಳಿಂದ ಕೋಣೆಗಳಂತೆ ಮಾಡಿ, ಅಲ್ಲಲ್ಲಿ ಕಾಗದದ ಗುರಿಗಳನ್ನು ನಿಲ್ಲಿಸುತ್ತಿದ್ದರು. ಕೆಲವು ಕಾಗದಗಳ ಮೇಲೆ ತೆರೆದ ಹಸ್ತದ ಚಿತ್ರ. ಅಂದರೆ ಅದು ನಿರಪರಾಧಿ, ಹೊಡೆಯಕೂಡದು. ಟಾರ್ಚಿನ ಬೆಳಕಿನಲ್ಲಿ ಯಾರು ಏನೆಂದು ನೋಡಿಯೇ ಟ್ರಿಗರ್ ಒತ್ತಬೇಕು.

"ಟಾರ್ಚ್ ಹಚ್ಚಿದಿ ಅಂದ್ರ, ನೀ ಎಲ್ಲಿದ್ದೀ ಅಂತ ಎದುರಿನವಂಗ ನೀನ ಹೇಳಿದಂಗ," ಎನ್ನುತ್ತಿದ್ದರು ಅಂಕಲ್. "ಹಚ್ಚು, ನೋಡು, ಹೊಡಿ, ಆರ್ಸು, ಜಾಗಾ ಬಿಡು. ಇಷ್ಟ ನೋಡು ತಂಗಿ."

ಬೇರೆ ಕನ್ನಡಿಗರೊಡನೆ ಅವರು ಬೆಂಗಳೂರಿನ ಕನ್ನಡವನ್ನೇ ಆಡುತ್ತಿದ್ದರು. ನನ್ನೊಡನೆ ಯಾಕೋ ಊರಿನದು ಬರುತ್ತಿತ್ತು.

ಸ್ಪರ್ಧೆಗೆ ಆರು ವಾರವಿರುವಾಗ ಒಂದು ಭಾನುವಾರ ಅವರ ಮನೆಗೆ ಹೋಗಿದ್ದೆ. ಮಧ್ಯಾಹ್ನವೇ ಪರದೆಗಳನ್ನೆಲ್ಲ ಎಳೆದು ಹಾಲ್ ಕತ್ತಲು ಮಾಡಿದ್ದರು. ಬಲಗೈಯಲ್ಲಿ ಪಿಸ್ತೂಲಿನ ಬದಲು ಟಿವಿ ರಿಮೋಟ್, ಎಡಗೈಯಲ್ಲಿ ಟಾರ್ಚ್. ಎರಡೂ ಹಸ್ತಗಳ ಹಿಂಬದಿ ಒಂದಕ್ಕೊಂದು ಒತ್ತಿಕೊಂಡಿರಬೇಕು, ಪಿಸ್ತೂಲಿನ ಬಾಯಿ ಟಾರ್ಚಿನ ಕೈಯನ್ನು ಎಂದೂ ದಾಟಬಾರದು ಎಂದು ತೋರಿಸುತ್ತಿದ್ದರು.

"ಇವರಿಗೆ ಮೊಮ್ಮಕ್ಕಳನ್ನ ಆಡಸೋ ವಯಸ್ಸಾತು, ಇನ್ನೂ ಕಳ್ಳಾ ಪೊಲೀಸ್ ಆಟ," ಎಂದು ಆಂಟಿ ಅಡುಗೆಮನೆಯಿಂದ ಕೂಗಿದರು.

ನಾನು ಗೋಡೆಯ ಉದ್ದಕ್ಕೂ ಕಾಗದಗಳನ್ನು ಅಂಟಿಸಿದ್ದೆ. ಅಂಕಲ್ ಬೆಳಕು ಹಚ್ಚುತ್ತ, ಆರಿಸುತ್ತ ಮುಂದೆ ಹೋದರು. ಎಡಗಡೆಯ ಎರಡು ಕಾಗದ ಅವರಿಗೆ ಕಾಣಲೇ ಇಲ್ಲ. ಸ್ಟೂಲಿಗೆ ಮೊಣಕಾಲು ತಾಗಿಸಿಕೊಂಡರು. ಆಮೇಲೆ ದೀಪ ಹಾಕಿ ಕುಳಿತಾಗಲೂ, ಎಡಕ್ಕಿದ್ದ ನನ್ನನ್ನು ನೋಡಲು ಇಡೀ ತಲೆಯನ್ನೇ ತಿರುಗಿಸುತ್ತಿದ್ದರು.

"ಕತ್ತಲ ಭಾಳ ಆತು," ಎಂದು ನಕ್ಕರು.

"ಹೌದು ಅಂಕಲ್, ಕರ್ಟನ್ ತುಂಬಾ ದಪ್ಪ ಇದೆ," ಎಂದೆ. ಬಸ್ಸಿನಲ್ಲಿ ಬರುವಾಗ, ಅವರ ಕಣ್ಣು ತೋರಿಸಿ ಎಂದು ಆಂಟಿಗೆ ಮೆಸೇಜ್ ಬರೆದು ಅಳಿಸಿದೆ. ಮತ್ತೆ ಬರೆಯಲಿಲ್ಲ.

ಆ ವರ್ಷ ನಾನು ರೇಂಜ್ ಆಫೀಸರ್ ಪರೀಕ್ಷೆ ಪಾಸು ಮಾಡಿದ್ದೆ. ಟೈಮರ್ ಹಿಡಿದು ಸ್ಪರ್ಧಿಯ ಹಿಂದೆಯೇ ನಡೆಯುತ್ತ ಸುರಕ್ಷತೆ ನೋಡಿಕೊಳ್ಳುವ ಕೆಲಸ ಅದು. ಸ್ಪರ್ಧೆಯ ಬೆಳಿಗ್ಗೆ ಅಂಕಲ್ ಬಂದಾಗ ಅವರ ಹಿಂದೆ ನಿಲ್ಲುವ ಸರದಿ ನನ್ನದೇ ಆಗಿತ್ತು. ಬೇರೆಯವರಿಗೆ ಬಿಟ್ಟುಕೊಡಬಹುದಿತ್ತು. ನಾನಿದ್ದರೆ ಒಳ್ಳೆಯದು ಅಂದುಕೊಂಡೆ.

ದೀಪಗಳು ಆರಿದವು. ಬಜರ್ ಕೂಗಿತು. ಮೊದಲ ಕೋಣೆಯಲ್ಲಿ ಅವರು ಚೆನ್ನಾಗಿಯೇ ಹೊಡೆದರು. ಬೆಳಕು, ಎರಡು ಗುಂಡು, ಕತ್ತಲು. ಎರಡನೆಯ ತಿರುವಿನಲ್ಲಿ ಎಡಕ್ಕಿದ್ದ ಹಲಗೆಯ ಅಂಚು ಅವರಿಗೆ ಕಾಣಲಿಲ್ಲ. ಭುಜ ಬಡಿದು, ಸಾವರಿಸಿಕೊಳ್ಳಲು ಟಾರ್ಚಿನ ಕೈ ಮುಂದಕ್ಕೆ ಚಾಚಿತು. ಅದೇ ಕ್ಷಣದಲ್ಲಿ ಪಿಸ್ತೂಲನ್ನು ಎಡಕ್ಕೆ ತಿರುಗಿಸಿದರು. ಅದರ ಬಾಯಿ ಅವರದೇ ಎಡಗೈಯ ಮೇಲೆ ಹಾದುಹೋಯಿತು. ಹಲಗೆಗೆ ಬಡಿದು ಮರಳಿದ ಟಾರ್ಚಿನ ಬೆಳಕಿನಲ್ಲಿ ಕಂಡಿತು, ಬೆರಳು ಟ್ರಿಗರಿನ ಮೇಲಿತ್ತು.

"ಸ್ಟಾಪ್!" ಎಂದು ಕಿರುಚಿದೆ.

ದೀಪಗಳು ಹತ್ತಿದವು. ನಾನು ಹೇಳಿದಂತೆ ಅವರು ಗುಂಡುಗಳನ್ನು ತೆಗೆದು, ಪಿಸ್ತೂಲು ಖಾಲಿಯೆಂದು ತೋರಿಸಿ, ಸೊಂಟದ ಹೋಲ್ಸ್ಟರಿಗೆ ಹಾಕಿದರು.

"ಏನಾತು?" ಎಂದು ಕೇಳಿದರು. ಅವರಿಗೆ ಗೊತ್ತೇ ಆಗಿರಲಿಲ್ಲ.

ಹೇಳಿದೆ. ಅವರು ತಮ್ಮ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ನಿಯಮದ ಪ್ರಕಾರ ಅವರ ಸ್ಪರ್ಧೆ ಅಲ್ಲಿಗೆ ಮುಗಿದಿತ್ತು. ಹಿಂದಿನ ಸಾಲಿನಲ್ಲಿದ್ದ ಚೀನೀ ಹಿರಿಯರೊಬ್ಬರು "ನೆವರ್ ಮೈಂಡ್ ಲಾ, ನೆಕ್ಸ್ಟ್ ಟೈಮ್" ಎಂದು ಅವರ ಬೆನ್ನು ತಟ್ಟಿದರು.

ಪಿಸ್ತೂಲು ಒಪ್ಪಿಸಿ ಹೊರಬಂದ ಅಂಕಲ್ ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತಿದ್ದರು. ನಾನು ಪಕ್ಕದಲ್ಲಿ ಕುಳಿತೆ.

"ನನ್ನ ಕಣ್ಣಿನ ವಿಷಯ ನಿನಗ ಮೊದಲ ಗೊತ್ತಿತ್ತೇನು ತಂಗಿ?"

"ಡೌಟ್ ಬಂದಿತ್ತು ಅಂಕಲ್. ಅವತ್ತು ನಿಮ್ಮ ಮನೇಲಿ."

"ಮತ್ತ ಅವತ್ತ ಯಾಕ ಹೇಳಲಿಲ್ಲ?"

"ನಿಮಗೆ ಬೇಜಾರಾಗುತ್ತೆ ಅಂತ."

ಅವರು ರಕ್ಷಣೆಯ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು.

"ಇವತ್ತ ಆಗಲಿಲ್ಲೇನು?"

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. "ನೀ ನಿಲ್ಸಿದ್ದು ಬರೋಬ್ಬರಿ ಆತು," ಎಂದು ಎದ್ದು, ಎಡಗಡೆಯ ಗೋಡೆಯನ್ನು ಬೆರಳಿನಿಂದ ಮುಟ್ಟುತ್ತ ಮೆಟ್ಟಿಲಿಳಿದು ಹೋದರು.

ಗ್ಲೌಕೋಮಾ ಎಂದು ಮುಂದಿನ ವಾರ ಆಂಟಿ ಫೋನಿನಲ್ಲಿ ತಿಳಿಸಿದರು. ಎಡಗಣ್ಣಿನ ದೃಷ್ಟಿ ಅಂಚಿನಿಂದ ಒಳಕ್ಕೆ ವರ್ಷಗಳಿಂದ ಕರಗುತ್ತಿತ್ತಂತೆ. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ದಿನವೂ ಔಷಧಿ ಹನಿ. ಆರು ವಾರ ಮೊದಲೇ ಡಾಕ್ಟರ ಬಳಿ ಹೋಗಿದ್ದರೆ ಏನಾದರೂ ವ್ಯತ್ಯಾಸವಾಗುತ್ತಿತ್ತೇ ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ.

ಅಂಕಲ್ ಮತ್ತೆ ಕ್ಲಬ್ಬಿಗೆ ಬರಲಿಲ್ಲ. ಪಿಸ್ತೂಲನ್ನು ಮಾರಿ, ಸದಸ್ಯತ್ವ ಬಿಟ್ಟರು. ನಾನು ರೇಂಜ್ ಆಫೀಸರ್ ಆಗಿ ಉಳಿದಿದ್ದೇನೆ, ದೀಪ ಆರಿಸುವ ಸುತ್ತು ಬಂದಾಗ ಮಾತ್ರ ಬೇರೆ ಕೆಲಸ ಕೇಳಿ ಪಡೆಯುತ್ತೇನೆ. ನಾಲ್ಕೈದು ತಿಂಗಳಿಗೊಮ್ಮೆ ಬೂನ್ ಲೇಗೆ ಹೋಗುತ್ತೇನೆ. ಅಂಕಲ್ ಅವರ ಕಾಫಿ ಲೋಟವನ್ನು ಆಂಟಿ ಬಲಗಡೆ ತಂದಿಡುತ್ತಾರೆ. ಆಫೀಸು, ಊರಿನ ಮಳೆ, ಜೋಳದ ಹಿಟ್ಟು ಎಲ್ಲಿ ಚೆನ್ನಾಗಿ ಸಿಗುತ್ತದೆ ಎಂದೆಲ್ಲ ಮಾತಾಡುತ್ತೇವೆ. ಕ್ಲಬ್ಬಿನ ಬಗ್ಗೆ ಅವರು ಕೇಳುವುದಿಲ್ಲ, ನಾನು ಹೇಳುವುದಿಲ್ಲ. ಹೊರಡುವಾಗ "ಹುಷಾರ ತಂಗಿ" ಎನ್ನುತ್ತಾರೆ, ನಾನು ನಿಂತ ಜಾಗ ಯಾವುದೆಂದು ತಲೆ ತಿರುಗಿಸಿ ಹುಡುಕಿ.